‘ನಿನ್ನ ಬಗ್ಗೆ ಅಲ್ಲ, ಪೆಟ್’

2025ರ ಆಗಸ್ಟ್ ತಿಂಗಳ ಕೊನೆಯ ಭಾನುವಾರ. ನೈಟ್ ಡ್ಯೂಟಿ ಮುಗಿಸಿ ಬಂದು, ಒಂದಿಷ್ಟು ಮೊಸರನ್ನ ತಿಂದು ಮಲಗೋಣ ಅಂತ ಪರದೆ ಎಳೆಯುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ನೋಡಿದರೆ ಪಕ್ಕದ್ಮನೆ ಅಜ್ಜ. ಕೈಯಲ್ಲಿ ಅಡುಗೆಮನೆಯ ಸ್ಟೂಲು, ಕಂಕುಳಲ್ಲಿ ಮಡಿಸಿದ ಬಾವುಟ. ಬಿಳಿ ಬಟ್ಟೆ, ಮಧ್ಯೆ ಕೆಂಪು ಶಿಲುಬೆ. ಇಂಗ್ಲೆಂಡಿನ ಸೇಂಟ್ ಜಾರ್ಜ್ ಬಾವುಟ.

“ಐದು ನಿಮಿಷ ಸ್ಟೂಲು ಹಿಡ್ಕೋತೀಯಾ ಪೆಟ್? ಕಿಟಕಿ ಮೇಲೆ ಇದನ್ನ ಕಟ್ಟಬೇಕು.”

ಅಜ್ಜನಿಗೆ 79. ಎದೆ ತುಂಬ ಕಲ್ಲಿದ್ದಲಿನ ಧೂಳು. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳಬೇಕು. ನಾನು ಹೋಗಿ ಸ್ಟೂಲು ಹಿಡಿದೆ. ಮತ್ತೇನು ಮಾಡೋದು ಹೇಳಿ? ಬಿದ್ದು ಸೊಂಟ ಮುರಿದುಕೊಂಡರೆ ಬರೋದು ನಮ್ಮ ಆಸ್ಪತ್ರೆಗೇ.

ಆ ಬೇಸಿಗೆಯಲ್ಲಿ ಇಂಗ್ಲೆಂಡ್ ತುಂಬ ಬಾವುಟ. ದೀಪದ ಕಂಬಕ್ಕೆ ಬಾವುಟ, ಸೇತುವೆಗೆ ಬಾವುಟ. ರಸ್ತೆ ಕೂಡುವಲ್ಲಿನ ಪುಟ್ಟ ಬಿಳಿ ವೃತ್ತಗಳ ಮೇಲೂ ಯಾರೋ ರಾತ್ರಿ ಬಂದು ಕೆಂಪು ಬಣ್ಣದಲ್ಲಿ ಅಡ್ಡ ಉದ್ದ ಗೀಟು ಎಳೆದು ಹೋಗಿದ್ದರು. ಆಶ್ರಯ ಕೇಳಿ ಬಂದವರನ್ನು ಇರಿಸಿದ ಹೋಟೆಲುಗಳ ಮುಂದೆ ಪ್ರತಿಭಟನೆ. ‘ಇದು ದೇಶಪ್ರೇಮ ಅಷ್ಟೇ’ ಅನ್ನುವವರು ಇದ್ದಾರೆ. ‘ನೀವೆಲ್ಲ ಹೊರಡಿ’ ಅನ್ನೋದನ್ನ ಬಟ್ಟೆ ಕಟ್ಟಿ ಹೇಳುವವರೂ ಇದ್ದಾರೆ. ಯಾವ ಕಂಬದ್ದು ಯಾವ ಅರ್ಥ ಅಂತ ಬಸ್ಸಿನಲ್ಲಿ ಕೂತು ನೋಡುವ ನಮ್ಮಂಥವರಿಗೆ ಗೊತ್ತಾಗೋದಿಲ್ಲ.

ಸ್ಟೂಲು ಹಿಡಿದು ಬಗ್ಗಿದ್ದಾಗ ಕಿಟಕಿ ಗಾಜಿನ ಕೆಳಮೂಲೆ ನನ್ನ ಮೂಗಿನ ನೇರಕ್ಕೆ ಬಂತು. ಒಳಗಡೆಯಿಂದ ಅಲ್ಲಿ ಇನ್ನೂ ಅಂಟಿತ್ತು, 2020ರಲ್ಲಿ ಅವರ ಮೊಮ್ಮಗಳು ಬರೆದ ಕಾಮನಬಿಲ್ಲು. ಆ ವರ್ಷ ಎಲ್ಲರ ಮನೆ ಕಿಟಕಿಯಲ್ಲೂ ಮಕ್ಕಳು ಬರೆದ ಕಾಮನಬಿಲ್ಲು, ಕೆಳಗೆ ‘ಥ್ಯಾಂಕ್ಯೂ ಎನ್‌ಎಚ್‌ಎಸ್’. ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಇಲ್ಲಿನ ಬಿಸಿಲು ಎಷ್ಟು ಮಹಾ, ಆದರೂ ಐದು ವರ್ಷಕ್ಕೆ ಕೆಂಪು, ಕಿತ್ತಳೆ ಪೂರ್ತಿ ಹೋಗಿ ನೀಲಿ ಮಾತ್ರ ಒಂಚೂರು ಉಳಿದಿತ್ತು. ಅಜ್ಜ ಅದನ್ನು ಕಿತ್ತಿರಲಿಲ್ಲ. ಬಾವುಟ ಇಳಿಬಿಟ್ಟಾಗ ಅದರ ಅಂಚು ಸರಿಯಾಗಿ ಅದರ ಮೇಲೇ ಬಂದು ನಿಂತಿತು.

ನನ್ನ ನಿದ್ದೆ ಹಾರಿಹೋಯಿತು. ಬರೀಬೇಕು ಬರೀಬೇಕು ಅಂತ ಇದ್ದು ಈಗ, ನವೆಂಬರ್ ಕೊನೆಗೆ ಕೂತಿದ್ದೀನಿ.

ನಾನು ಚನ್ನರಾಯಪಟ್ಟಣದ ಕಡೆಯವಳು. ಇಲ್ಲಿ ಅದನ್ನು ಯಾರಿಗೆ ಹೇಳಿದರೂ ಪ್ರಯೋಜನ ಇಲ್ಲ. ಇಂಡಿಯಾದ ನರ್ಸ್ ಅಂದ ಕೂಡಲೇ ‘ಕೇರಳನಾ?’ ಅಂತಾರೆ. ಮೊದಮೊದಲು ಕರ್ನಾಟಕ, ಬೆಂಗಳೂರು, ಹಾಸನ ಅಂತ ಬಿಡಿಸಿ ಹೇಳುತ್ತಿದ್ದೆ. ಈಗ ಸುಮ್ನೆ ‘ಪಕ್ಕದ್ದು’ ಅಂತೀನಿ. ಬೆಂಗಳೂರಲ್ಲಿ ಆರು ವರ್ಷ ಐಸಿಯುನಲ್ಲಿ ದುಡಿದು, ಇಂಗ್ಲಿಷ್ ಪರೀಕ್ಷೆ ಎರಡು ಸಲ ಕಟ್ಟಿ, 2019ರ ನವೆಂಬರಿನಲ್ಲಿ ಇಲ್ಲಿಗೆ ಬಂದೆ. ಇಂಗ್ಲೆಂಡಿನ ಈಶಾನ್ಯ ಮೂಲೆ, ಡರ್ಹಮ್ ಕೌಂಟಿಯ ಕಡಲ ದಂಡೆ. ಒಂದು ಕಡೆ ಸಂಡರ್‌ಲ್ಯಾಂಡ್, ಇನ್ನೊಂದು ಕಡೆ ಹಾರ್ಟಲ್‌ಪೂಲ್. ನಡುವೆ ಇರೋದೆಲ್ಲ ಹಳೇ ಕಲ್ಲಿದ್ದಲು ಗಣಿಗಳ ಊರು. ಅಜ್ಜ ಈಸಿಂಗ್ಟನ್ ಗಣಿಯಲ್ಲಿ ಇದ್ದವರು. 1993ರಲ್ಲಿ ಅದಕ್ಕೆ ಬೀಗ ಬಿತ್ತು. ಆಗ ಅವರಿಗೆ 47. ಆಮೇಲೆ ಗಟ್ಟಿಯಾದ ಕೆಲಸ ಸಿಗಲೇ ಇಲ್ಲ.

ಇಲ್ಲಿನ ಗಣಿಯವರ ಮಾತಿಗೆ ಪಿಟ್‌ಮ್ಯಾಟಿಕ್ ಅಂತ ಒಂದು ಹೆಸರೇ ಇದೆ. ನಾನು ಪಾಸು ಮಾಡಿದ ಇಂಗ್ಲಿಷಿಗೂ ಅದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಮೊದಲ ದಿನ ಅಜ್ಜ ‘ಪೆಟ್’ ಅಂತ ಕರೆದಾಗ, ಇದೇನಪ್ಪ ನಾಯಿಮರಿ ಕರೆದ ಹಾಗೆ ಕರೀತಾರೆ ಅಂತ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಈ ಕಡೆ ಅದು ನಮ್ಮ ‘ಮಗಾ’ ಇದ್ದ ಹಾಗೆ. ಬಸ್ ಡ್ರೈವರೂ ಅಂತಾನೆ. ಅಜ್ಜ ತಮ್ಮನ್ನು ಹೆಸರು ಹಿಡಿದು ಕರಿ ಅಂತಾರೆ. ಅವರೆದುರು ಹೇಗೋ ಕರೀತೀನಿ, ಮನಸ್ಸಿನೊಳಗೆ ಮಾತ್ರ ಆಗೋದಿಲ್ಲ. ಅದಕ್ಕೇ ಇಲ್ಲಿ ಅಜ್ಜ ಅಂತಲೇ ಬರೀತೀನಿ.

2020ರ ಮಾರ್ಚ್ 22, ಭಾನುವಾರ. ಸಂಜೆ 5ಕ್ಕೆ ಊರಲ್ಲಿ ಅಮ್ಮ ಜಗಲಿ ಮೇಲೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಡಿದ ವಿಡಿಯೊ ಬಂತು. ‘ನಿಂಗೇ ಬಡೀತಿರದು ಕಣವ್ವ’ ಅಂತ ಹಿಂದಿನಿಂದ ಅಪ್ಪನ ದನಿ. ಅದೇ ವಾರ ಬೆಂಗಳೂರಿನ ನನ್ನ ಗೆಳತಿಗೆ, ಅವಳೂ ನರ್ಸೇ, ರೂಮಿನ ಓನರ್ ‘ಬೇರೆ ಕಡೆ ನೋಡ್ಕೊಳ್ಳಿ’ ಅಂದಿದ್ದರು. ಓನರ್ ಕೂಡ ಭಾನುವಾರ ಟೆರೇಸಿನ ಮೇಲೆ ಜಾಗಟೆ ಬಡಿದವರೇ.

ನಾಲ್ಕು ದಿನ ಬಿಟ್ಟು, 26ರ ಗುರುವಾರ ರಾತ್ರಿ 8ಕ್ಕೆ, ಇಲ್ಲಿಯೂ ಶುರುವಾಯಿತು. ಆವತ್ತು ನನಗೆ ರಜೆ. ಕಸ ಹೊರಗಿಡೋಣ ಅಂತ ಬಾಗಿಲು ತೆಗೆದೆ. ಅಜ್ಜ ಹೊಸಿಲ ಮೇಲೆ ನಿಂತು ಬಾಣಲೆಗೆ ಮರದ ಸೌಟಿನಲ್ಲಿ ಬಡಿಯುತ್ತಿದ್ದರು. ಎದುರುಮನೆಯವರು, ಮೂಲೆಮನೆಯವರು, ಎಲ್ಲ ಬಾಗಿಲಲ್ಲಿ. ನನ್ನನ್ನು ಕಂಡಿದ್ದೇ ಇಡೀ ಬೀದಿ ಈ ಕಡೆ ತಿರುಗಿ ಚಪ್ಪಾಳೆ. ಕೈಯಲ್ಲಿ ಕಸದ ಚೀಲ ಹಿಡಿದು ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿ ನಿಂತೆ. ಸುಳ್ಳು ಯಾಕೆ ಹೇಳಲಿ, ಒಳಗೆ ಹೋಗಿ ಅತ್ತೆ. ಬಂದು ನಾಲ್ಕು ತಿಂಗಳಾಗಿತ್ತು. ಆವರೆಗೆ ಆ ಬೀದಿಯಲ್ಲಿ ಅಜ್ಜ ಬಿಟ್ಟರೆ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ.

ಹತ್ತು ಗುರುವಾರ ನಡೆಯಿತು, ಮೇ 28ರವರೆಗೆ. ಇದನ್ನು ಶುರು ಮಾಡಿದ್ದು ಲಂಡನ್ನಿನಲ್ಲಿದ್ದ ಆನ್‌ಮರೀ ಪ್ಲಾಸ್. ಆಕೆ ನೆದರ್‌ಲ್ಯಾಂಡ್ಸಿನಿಂದ ಬಂದವರು. ಚಪ್ಪಾಳೆ ತಟ್ಟಿ ಅಂತ ಈ ದೇಶಕ್ಕೆ ಹೇಳಿದ್ದೂ ಹೊರಗಿನಿಂದ ಬಂದವರೇ ಅಂದ ಹಾಗಾಯಿತು. ಅಜ್ಜನಿಗೆ ಹೇಳಿದೆ. ‘ಓ, ಹೌದಾ’ ಅಂದರು. ಅಷ್ಟೇ.

ಏಪ್ರಿಲ್‌ನಲ್ಲಿ ಟಿವಿ ತುಂಬ ಸತ್ತ ಡಾಕ್ಟರುಗಳ ಫೋಟೊ. ಕೋವಿಡ್‌ಗೆ ಮೊದಲು ಜೀವ ಬಿಟ್ಟ 10 ಮಂದಿ ಡಾಕ್ಟರುಗಳಲ್ಲಿ ಒಬ್ಬರೂ ಬಿಳಿಯರಲ್ಲ. ಸೂಡಾನ್, ಪಾಕಿಸ್ತಾನ, ನೈಜೀರಿಯಾ ಮೂಲದ ಹೆಸರುಗಳು. ಪ್ರಧಾನಿ ಬೋರಿಸ್ ಜಾನ್ಸನ್ ಅವರೇ ಐಸಿಯು ಸೇರಿ, ಏಪ್ರಿಲ್ 12ರಂದು, ಈಸ್ಟರ್ ದಿನ, ಹೊರಗೆ ಬಂದರು. ರಾತ್ರಿಯಿಡೀ ಹಾಸಿಗೆ ಪಕ್ಕ ನಿಂತ ಇಬ್ಬರು ನರ್ಸ್‌ಗಳ ಹೆಸರು ಹೇಳಿ ಕೈಮುಗಿದ ಹಾಗೆ ಮಾತಾಡಿದರು. ನ್ಯೂಜಿಲೆಂಡಿನ ಜೆನ್ನಿ, ಪೋರ್ಚುಗಲ್ಲಿನ ಲೂಯಿಸ್. ನಮ್ಮ ವಾರ್ಡಿನ ಟೀ ರೂಮಿನಲ್ಲಿ ಫಿಲಿಪ್ಪೀನ್ಸ್ ಹುಡುಗಿಯೊಬ್ಬಳು, ‘ಇನ್ನು ಮೇಲೆ ನಮ್ಮ ಪಾಡು ಬೇರೆ ಆಗುತ್ತೆ ನೋಡು’ ಅಂದಳು. ನಾನೂ ನಂಬಿದೆ.

ನಂಬಿದ್ದರಲ್ಲಿ ಎಲ್ಲಿ ತಪ್ಪಿದೆ ಅಂತ ಈಗ ಗೊತ್ತಾಗುತ್ತದೆ. ಆ ಚಪ್ಪಾಳೆ ನರ್ಸಿಗೆ ಬಿದ್ದದ್ದು. ಹೊರಗಿನಿಂದ ಬಂದವಳಿಗೆ ಅಲ್ಲ. ಇಬ್ಬರೂ ಒಬ್ಬಳೇ ಅನ್ನೋದು ನನಗೆ ಗೊತ್ತಿತ್ತು, ನನ್ನ ಪಾಸ್‌ಪೋರ್ಟಿಗೆ ಗೊತ್ತಿತ್ತು. ಬೀದಿಯ ಲೆಕ್ಕದಲ್ಲಿ ‘ವಲಸಿಗ’ ಅಂದರೆ ಯಾವಾಗಲೂ ಅಲ್ಲಿಲ್ಲದ ಯಾರೋ. ಕಸದ ಚೀಲ ಹಿಡಿದು ಎದುರಿಗೆ ನಿಂತವಳಲ್ಲ.

ಈ ಮಾತಿಗೆ ನನ್ನ ಹತ್ತಿರ ಒಂದು ತಾರೀಕಿನ ಸಾಕ್ಷಿ ಇದೆ. 2020ರ ಮೇ 18, ಸೋಮವಾರ. ಎಂಟನೇ ಚಪ್ಪಾಳೆಗೂ ಒಂಬತ್ತನೇ ಚಪ್ಪಾಳೆಗೂ ನಡುವಿನ ದಿನ. ಅವತ್ತು ಇಲ್ಲಿನ ಸಂಸತ್ತಿನಲ್ಲಿ ಹೊಸ ವಲಸೆ ಮಸೂದೆ ಒಂದು ಮೆಟ್ಟಿಲು ದಾಟಿತು. ಯೂರೋಪಿನವರು ಸಲೀಸಾಗಿ ಬರೋದು ಬಂದ್, ಇನ್ನು ಮೇಲೆ ಅಂಕ ಎಣಿಸಿ ವೀಸಾ. ವೃದ್ಧಾಶ್ರಮಗಳಲ್ಲಿ ಮುದುಕರ ಮೈ ಒರೆಸುವ ಕೇರ್ ವರ್ಕರ್‌ಗೆ ಆ ಅಂಕದಲ್ಲಿ ಜಾಗವೇ ಇರಲಿಲ್ಲ. ಎರಡು ದಿನ ಬಿಟ್ಟು ಪ್ರಧಾನಿ, ಹೊರಗಿನಿಂದ ಬಂದ ನರ್ಸ್‌ಗಳೂ ಆರೋಗ್ಯ ಸರ್‌ಚಾರ್ಜ್ ಕಟ್ಟಲೇಬೇಕು ಅಂದರು. ಆಗ ತಲಾ ವರ್ಷಕ್ಕೆ 400 ಪೌಂಡ್. ನಾವು ಕೆಲಸ ಮಾಡುವ ಆಸ್ಪತ್ರೆಯನ್ನು ನಾವೇ ಬಳಸಿಕೊಳ್ಳೋದಕ್ಕೆ, ಟ್ಯಾಕ್ಸಿನ ಮೇಲೆ ಇನ್ನೊಂದು ಟ್ಯಾಕ್ಸು. ಗಲಾಟೆಯಾಗಿ ಮಾರನೇ ದಿನವೇ ಮಾತು ಬದಲಿಸಿ, ಆರೋಗ್ಯ ಸಿಬ್ಬಂದಿಗೆ ಮಾಫಿ ಅಂದರು. ನಾನು ಮೂರು ವರ್ಷದ 1,200 ಪೌಂಡ್ ಮೊದಲೇ ಕಟ್ಟಿಯೇ ವಿಮಾನ ಹತ್ತಿದವಳು. ಇರಲಿ.

ಅದೇ ಮೇ 18ರಂದು, ಅದೇ ಸೋಮವಾರ, ಬೆಂಗಳೂರಿನಲ್ಲಿ ಯಡಿಯೂರಪ್ಪನವರ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ರಾಜ್ಯದೊಳಗೆ ಪ್ರವೇಶ ಇಲ್ಲ ಅಂತ ಹೇಳಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆ.ಆರ್. ಪೇಟೆ, ನಾಗಮಂಗಲ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಬೊಂಬಾಯಿ ಸೇರಿದ ಮನೆಗಳು ಎಷ್ಟೋ ಇವೆ. ಹೋಟೆಲು, ಕ್ಯಾಂಟೀನು, ಆಟೊ. ನಮ್ಮೂರಿನ ಬಸವಣ್ಣನ ಗುಡಿಯ ಗಂಟೆ ಮೇಲೆ ‘ಸೇವಾರ್ಥ’ ಅಂತ ಒಬ್ಬರ ಹೆಸರಿದೆ, ಕೆಳಗೆ ‘ಮುಂಬಯಿ’ ಅಂತ ಇದೆ. ಜಾತ್ರೆಗೆ ಅವರು ಬಂದರೆ ಊರಿಗೆ ಊರೇ ‘ಬೊಂಬಾಯಿನೋರು ಬಂದ್ರು’ ಅಂತ ಸಡಗರ ಮಾಡುತ್ತಿತ್ತು. ಚಂದಾ ಪಟ್ಟಿ ಮೊದಲು ಅವರ ಮನೆಗೇ ಹೋಗುತ್ತಿತ್ತು.

ಆ ಮೇ ತಿಂಗಳಲ್ಲಿ ಮಂಡ್ಯ, ಹಾಸನದ ಕೇಸುಗಳಲ್ಲಿ ಬಹಳಷ್ಟು ಮುಂಬೈಯಿಂದ ಬಂದವರದ್ದು. ದಿನಾ ಸಂಜೆ ಟಿವಿಯಲ್ಲಿ ಅದೇ. ನಾನು ಫೋನ್ ಮಾಡಿದರೆ ಅಪ್ಪ ಹೇಳಿದ್ದು, “ಯಾರ್ನೂ ಒಳಕ್ಕೆ ಬುಡ್ತಿಲ್ಲ ಕಣವ್ವ. ರೋಡಿಗೆ ಜಾಲಿಮುಳ್ಳು ಎಳ್ದಿದ್ದೀವಿ. ಮಧ್ಯಾಹ್ನದ ಪಾಳಿ ನಂದೇ.” ಹೆಮ್ಮೆಯಿಂದಲೇ ಹೇಳಿದರು.

ಗಂಟೆ ಕೊಟ್ಟವರ ಮಗನ ಸಂಸಾರ ಒಂದು ಮಧ್ಯಾಹ್ನ ಟೆಂಪೊ ಮಾಡಿಕೊಂಡು ಬಂದಿಳಿಯಿತು. ಅಪ್ಪನ ಪಾಳಿಯಲ್ಲೇ. ಇದನ್ನು ಅಪ್ಪ ಹೇಳಲಿಲ್ಲ, ಅಮ್ಮ ಹೇಳಿದ್ದು. ಸಣ್ಣ ಹುಡುಗಿ ಬಾಯಾರಿಕೆ ಅಂತ ಅಳುತ್ತಿತ್ತಂತೆ. ಅಪ್ಪ ಮನೆಗೆ ಬಂದು ನೀಲಿ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ನೀರು ತೆಗೆದುಕೊಂಡು ಹೋಗಿ, ಕೋಲಿನಲ್ಲಿ ಮುಳ್ಳು ಸರಿಸಿ, ಬೇಲಿಯಾಚೆ ಇಟ್ಟು ಹತ್ತು ಹೆಜ್ಜೆ ಹಿಂದೆ ಬಂದು ನಿಂತರಂತೆ. ಅವರು ಕುಡಿದರು. ಆಮೇಲೆ ಅವರನ್ನು ಸ್ಕೂಲಿಗೆ ಕಳಿಸಿ 14 ದಿನ ಕೂಡಿಹಾಕಿದರು. ಬಿಂದಿಗೆಯನ್ನು ಯಾರೂ ಮುಟ್ಟಲಿಲ್ಲ. ಮಳೆ ಶುರುವಾಗಿ ನೀರು ತುಂಬಿಕೊಂಡು ಅಲ್ಲೇ ಬಿದ್ದಿತ್ತು ಅಂದರು ಅಮ್ಮ. “ಹೊಸಾ ಬಿಂದ್ಗೆ ಕಣೇ” ಅಂತ ಬೇರೆ.

ನನಗೆ ಅಪ್ಪನ ಮೇಲೆ ಕೋಪ ಬಂತು. ಅದೇ ಫೋನಿನಲ್ಲಿ, ನಮ್ಮ ಬೀದಿಯ ಚಪ್ಪಾಳೆಯ ವಿಡಿಯೊ ತೋರಿಸಿ, ನೋಡಿ ಇಲ್ಲಿ ಜನ ಹೇಗೆ ಅಂತ ದೊಡ್ಡದಾಗಿ ಹೇಳಿದೆ. ಅದಕ್ಕೆ ಸರಿಯಾಗಿ ಏಳು ತಿಂಗಳಿಗೆ ನನ್ನ ಸರದಿ ಬಂತು.

ಆ ಡಿಸೆಂಬರಿನಲ್ಲಿ ಕೆಂಟ್ ಎಂಬ ಜಿಲ್ಲೆಯಲ್ಲಿ ಕೊರೊನಾದ ಹೊಸ ತಳಿ ಸಿಕ್ಕಿತು. ಫ್ರಾನ್ಸ್ ಗಡಿ ಮುಚ್ಚಿತು. ಡೋವರ್ ಬಂದರಿನ ಕಡೆ ಲಾರಿಗಳು ಮೈಲಿಗಟ್ಟಲೆ ನಿಂತವು. ಅಜ್ಜ ಟಿವಿ ಮುಂದೆ ಕೂತು ಕೆಂಡಾಮಂಡಲ. “ನಮ್ಮನ್ನೇನು ಕುಷ್ಠರೋಗಿಗಳು ಅಂದುಕೊಂಡಿದ್ದಾರಾ?” ಇಂಡಿಯಾ ಕೂಡ ಇಲ್ಲಿಂದ ಹೋಗುವ ವಿಮಾನ ನಿಲ್ಲಿಸಿತು. ಆಗಲೇ ಬಂದಿಳಿದ ಬ್ರಿಟನ್ ಪ್ರಯಾಣಿಕರನ್ನು ಕರ್ನಾಟಕದಲ್ಲಿ ಮನೆಮನೆಗೂ ಹುಡುಕಿದರು. ಸಂಕ್ರಾಂತಿಗೆ ಬರೋಣ ಅಂತ ನಾನು ರಜೆ ಹಾಕಿದ್ದೆ. ಅಮ್ಮ ಫೋನ್ ಮಾಡಿ, “ಈಗ ಬ್ಯಾಡ ಕಣೇ. ಊರಾಗೆ ಒಂಥರಾ ಮಾತಾಡ್ತವ್ರೆ” ಅಂದರು. ಯಾರು, ಏನು ಅಂತ ಕೇಳಿದರೆ ಹೇಳಲಿಲ್ಲ. ಆಮೇಲೆ ತಮ್ಮನಿಂದ ಗೊತ್ತಾಯಿತು. ‘ಲಂಡನ್‌ನೋಳು ಬರ್ತಾಳಂತೆ, ಬುಡಬ್ಯಾಡಿ’ ಅಂತ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದಿತ್ತು. ನಾನಿರೋ ಜಾಗದಿಂದ ಲಂಡನ್ ಮುನ್ನೂರು ಮೈಲಿಗೆ ಸ್ವಲ್ಪ ಕಮ್ಮಿ. ಇರಲಿ, ಬೊಂಬಾಯಿಯೂ ಹಾಗೇ. ಅದರ ಆಚೆಯ ಥಾಣೆ ಊರಿನಿಂದ ಬಂದರೂ ಬೊಂಬಾಯಿಯೇ.

2021ರ ಏಪ್ರಿಲ್, ಮೇ ಬಗ್ಗೆ ಜಾಸ್ತಿ ಬರೆಯೋಕೆ ಆಗೋದಿಲ್ಲ. ಬೆಂಗಳೂರಿನಿಂದ ಗೆಳತಿಯರ ಫೋನು, ಆಕ್ಸಿಜನ್ ಎಲ್ಲಿ ಸಿಗುತ್ತೆ ಅಂತ. ಏಪ್ರಿಲ್ 23ರಿಂದ ಇಂಡಿಯಾ ಇಲ್ಲಿನ ರೆಡ್ ಲಿಸ್ಟಿಗೆ. ಹೋಗಿ ಬಂದರೆ ಹತ್ತು ದಿನ ಸರ್ಕಾರ ಹೇಳಿದ ಹೋಟೆಲಿನಲ್ಲಿ ಇರಬೇಕು, ಅದರ ಬಿಲ್ಲು 1,750 ಪೌಂಡ್. ಮೇ ತಿಂಗಳಲ್ಲಿ ನಮ್ಮಜ್ಜಿ ಹೋದರು. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ, ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು. ಅಜ್ಜ ಒಂದು ಕುಂಡದಲ್ಲಿ ಹೂವಿನ ಗಿಡ ತಂದು ಬಾಗಿಲ ಮುಂದೆ ಇಟ್ಟು ಹೋಗಿದ್ದರು, ಜೊತೆಗೆ ಒಂದು ಕಾರ್ಡು.

ಅದೇ ವಾರ ವಾರ್ಡಿನಲ್ಲಿ ಒಬ್ಬ ರೋಗಿ ನಾನು ಬಿಪಿ ನೋಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡು, ಇತ್ತೀಚೆಗೆ ಮನೆ ಕಡೆ ಹೋಗಿದ್ದೆಯಾ ಅಂತ ಕೇಳಿದ. ಆಗ ಎಲ್ಲರ ಬಾಯಲ್ಲೂ ‘ಇಂಡಿಯನ್ ವೇರಿಯಂಟ್’. ತಿಂಗಳ ಕೊನೆಗೆ ಅದಕ್ಕೆ ಡೆಲ್ಟಾ ಅಂತ ಗ್ರೀಕ್ ಹೆಸರಿಟ್ಟರು. ಅದಕ್ಕೆ ಮೊದಲು ‘ಕೆಂಟ್ ವೇರಿಯಂಟ್’ ಅಂತಲೂ ಅನ್ನುತ್ತಿದ್ದರಲ್ಲ, ಕೆಂಟ್‌ನವರು ಬಂದರೆ ಯಾರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಅವತ್ತಿಗೆ 18 ತಿಂಗಳಿಂದ ಡರ್ಹಮ್ ಬಿಟ್ಟು ಆಚೆ ಹೋಗಿರಲಿಲ್ಲ. ಹಾಗಂತ ಹೇಳಿ ಬಿಪಿ ನೋಡಿದೆ. ನೂರ ಅರವತ್ತಿತ್ತು.

ಈ ದೇಶದಲ್ಲಿ ಇಪ್ಸಾಸ್ ಅನ್ನುವ ಸಂಸ್ಥೆ ತಿಂಗಳು ತಿಂಗಳೂ ಜನರನ್ನು ಕೇಳುತ್ತದೆ, ದೇಶದ ಮುಂದಿರುವ ದೊಡ್ಡ ವಿಷಯ ಯಾವುದು ಅಂತ. 2016ರಲ್ಲಿ, ಯೂರೋಪಿನ ಒಕ್ಕೂಟ ಬಿಡೋಣವಾ ಅಂತ ನಡೆದ ಬ್ರೆಕ್ಸಿಟ್ ಮತದಾನದ ಹೊತ್ತಿನಲ್ಲಿ, ವಲಸೆ ಮೇಲಿತ್ತು. 2020ರಲ್ಲಿ ಅದು ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೋಗಿ ಬಿತ್ತು. ಕೊರೊನಾ ಜನರ ಮನಸ್ಸು ಬದಲಿಸಿತು ಅಂತ ಆಗ ಎಷ್ಟೋ ಜನ ಬರೆದರು. ನನಗನ್ನಿಸೋದು, ಮನಸ್ಸು ಬೇರೆ ಕಡೆ ಇತ್ತು ಅಷ್ಟೇ. ಹಲ್ಲು ನೋವು ಬಂದವನು ಮಂಡಿ ನೋವಿನ ಮಾತೆತ್ತೋದಿಲ್ಲ. ಹಾಗಂತ ಮಂಡಿ ವಾಸಿಯಾಯಿತಾ?

ಅಷ್ಟರಲ್ಲಿ ಅವಶ್ಯಕತೆ ಬಂತು. ವೃದ್ಧಾಶ್ರಮಗಳಲ್ಲಿ ಜನ ಇಲ್ಲ. 2020ರಲ್ಲಿ ಅಂಕ ಇಲ್ಲ ಅಂದ ಅದೇ ಸರ್ಕಾರ, 2022ರ ಫೆಬ್ರವರಿಯಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ಬಾಗಿಲು ತೆರೆಯಿತು. ಸಾವಿರಾರು ಜನ ಬಂದರು. ಕೇರಳ, ಪಂಜಾಬ್, ನೈಜೀರಿಯಾ, ಜಿಂಬಾಬ್ವೆ. ವಿದ್ಯಾರ್ಥಿಗಳು, ಉಕ್ರೇನಿನವರು, ಹಾಂಗ್‌ಕಾಂಗ್‌ನವರು ಎಲ್ಲ ಸೇರಿ, ಹೋದವರನ್ನು ಕಳೆದು ಒಂದು ವರ್ಷದಲ್ಲಿ ಬಂದವರ ಲೆಕ್ಕ 9 ಲಕ್ಷ ದಾಟಿತು. ಆ 9 ಲಕ್ಷದಲ್ಲಿ ವೀಸಾ ಇಲ್ಲದೆ ಫ್ರಾನ್ಸ್ ಕಡೆಯಿಂದ ಸಮುದ್ರ ದಾಟಿ ದೋಣಿಯಲ್ಲಿ ಬಂದವರು ಚೂರುಪಾರು. ಮಿಕ್ಕವರು ನನ್ನ ಹಾಗೆ ಫೀಸು ಕಟ್ಟಿ, ವೀಸಾ ಒತ್ತಿಸಿಕೊಂಡು, ವಿಮಾನದಲ್ಲಿ ಬಂದವರು. ಆದರೆ ಟಿವಿಯಲ್ಲಿ ವಿಮಾನ ತೋರಿಸಿದರೆ ಏನು ಮಜಾ? ದೋಣಿಯನ್ನೇ ತೋರಿಸಿದರು.

ಈಗ ನನ್ನ ವಿಷಯ. 2023ರಲ್ಲಿ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಿಂದ ನಂಬರು ತಗೊಂಡು ದಾವಣಗೆರೆ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ಓದಿದ್ದು ಇಂಜಿನಿಯರಿಂಗ್. ಏಜೆಂಟಿಗೆ 15 ಲಕ್ಷ ಕೊಟ್ಟು ಕೇರ್ ವೀಸಾದಲ್ಲಿ ಬಂದಿದ್ದಾನೆ. ಬಂದರೆ ಇಲ್ಲಿ ವಾರಕ್ಕೆ ಎಂಟು ಗಂಟೆ ಕೆಲಸವೂ ಇಲ್ಲ. ಆಮೇಲೆ ಹೊರದೇಶದವರನ್ನು ಕರೆಸುವ ಕಂಪನಿಯ ಲೈಸೆನ್ಸೇ ರದ್ದಾಯಿತು. ಹಾಗೆ ಲೈಸೆನ್ಸ್ ಕಳೆದುಕೊಂಡ ಕೇರ್ ಕಂಪನಿಗಳು 470ಕ್ಕೂ ಹೆಚ್ಚು. ಅಲ್ಲಿದ್ದವರಿಗೆ ಬೇರೆ ಕೆಲಸ ಹುಡುಕಲು ಸಿಗೋದು 60 ದಿನ. “ಅಕ್ಕಾ, ನಿಮ್ಮ ಆಸ್ಪತ್ರೇಲಿ ಏನಾದ್ರೂ ಇದೆಯಾ?” ಅಂದ. ಎರಡು ಲಿಂಕ್ ಕಳಿಸಿದೆ. ನಾಲ್ಕು ಒಳ್ಳೆ ಮಾತಾಡಿದೆ. ಫೋನಿಟ್ಟ ಮೇಲೆ ನನ್ನ ಬಾಯಲ್ಲಿ ಬಂದಿದ್ದು, ‘ನಾವೆಲ್ಲ ಪರೀಕ್ಷೆ ಬರೆದು ಬಂದವರಪ್ಪ. ಇವರು ದುಡ್ಡು ಕೊಟ್ಟು ಬಂದು ಎಲ್ಲರ ಹೆಸರು ಕೆಡಿಸ್ತಾರೆ.’ ಅಡುಗೆಮನೆಯಲ್ಲಿ ಒಬ್ಬಳೇ ಇದ್ದೆ, ಜೋರಾಗೇ ಅಂದೆ. ಮೂರು ತಿಂಗಳ ನಂತರ ನೋಡಿದರೆ ಅವನ ನಂಬರು ಗುಂಪಿನಲ್ಲಿ ಇರಲಿಲ್ಲ. ಎಲ್ಲಿಗೆ ಹೋದ ಅಂತ ನಾನು ವಿಚಾರಿಸಲಿಲ್ಲ.

2024ರ ಜುಲೈ 4ರ ಚುನಾವಣೆಯಲ್ಲಿ ಅಜ್ಜ, ವಲಸೆ ಕಮ್ಮಿಯಾಗಬೇಕು ಅನ್ನುವ ರಿಫಾರ್ಮ್ ಪಾರ್ಟಿಗೆ ವೋಟು ಹಾಕಿದರು. ಅವರೇ ಹೇಳಿದ್ದು. ಮುಚ್ಚಿಡುವ ಮನುಷ್ಯ ಅಲ್ಲ. ಜುಲೈ 29ಕ್ಕೆ ಸೌತ್‌ಪೋರ್ಟ್‌ನಲ್ಲಿ ಡ್ಯಾನ್ಸ್ ಕ್ಲಾಸಿಗೆ ಹೋಗಿದ್ದ ಮೂರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದವನು ಅಂತ ಸುಳ್ಳು ಸುದ್ದಿ ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಅಷ್ಟು ತಿಳಿಯೋ ಹೊತ್ತಿಗೆ ಬೆಂಕಿ ಬಿದ್ದಾಗಿತ್ತು. 31ಕ್ಕೆ ಹಾರ್ಟಲ್‌ಪೂಲ್‌ನಲ್ಲಿ ಗಲಭೆ, ಆಗಸ್ಟ್ 2ಕ್ಕೆ ಸಂಡರ್‌ಲ್ಯಾಂಡ್‌ನಲ್ಲಿ. ನಾವು ಎರಡರ ಮಧ್ಯೆ. ಸಂಡರ್‌ಲ್ಯಾಂಡ್‌ನಲ್ಲಿ ಡ್ಯೂಟಿಗೆ ಹೋಗುತ್ತಿದ್ದ ಫಿಲಿಪ್ಪೀನ್ಸ್ ನರ್ಸ್‌ಗಳ ಟ್ಯಾಕ್ಸಿಗೆ ಕಲ್ಲು ತೂರಿದರು. ಭಾನುವಾರ ಮಿಡಲ್ಸ್‌ಬರೋದಲ್ಲಿ ಕಾರು ನಿಲ್ಲಿಸಿ, ನೀನು ಬಿಳಿಯನಾ, ಇಂಗ್ಲಿಷಿನವನಾ ಅಂತ ಕೇಳುತ್ತಿದ್ದರು.

ಆ ಭಾನುವಾರ ನನಗೆ ನೈಟ್. ಬಸ್ಸಿಗೆ ಹೋಗಲೋ ಬೇಡವೋ ಅಂತ ಯೂನಿಫಾರ್ಮ್ ಮೇಲೆ ಜಾಕೆಟ್ ಹಾಕಿ ನಿಂತಿದ್ದೆ. ಅಜ್ಜ ಕಾರಿನ ಕೀ ಹಿಡಿದು ಬಂದರು. “ಹತ್ತು. ನಾನು ಬಿಡ್ತೀನಿ. ಬೆಳಿಗ್ಗೆ ಕರ್ಕೊಂಡೂ ಬರ್ತೀನಿ.” ಅವರ ಕಣ್ಣು ರಾತ್ರಿ ಸರಿಯಾಗಿ ಕಾಣೋದಿಲ್ಲ. ನನಗೆ ಯಾವುದಕ್ಕೆ ಹೆದರಬೇಕು ಅಂತ ಗೊತ್ತಾಗಲಿಲ್ಲ. ಇನ್‌ಹೇಲರ್ ಎರಡು ಸಲ ಎಳೆದುಕೊಂಡು ಗಾಡಿ ತೆಗೆದರು. ದಾರಿಯುದ್ದಕ್ಕೂ ಆ ಗಲಾಟೆ ಹುಡುಗರಿಗೆ ಬಾಯಿಗೆ ಬಂದ ಹಾಗೆ ಬೈದರು. ಆಸ್ಪತ್ರೆ ಗೇಟು ಕಾಣುವ ಹೊತ್ತಿಗೆ ಒಂದು ಗಳಿಗೆ ಸುಮ್ಮನಿದ್ದು, “ಆದ್ರೂ ಜನ ಹೇಳೋದ್ರಲ್ಲೂ ಒಂದು ನ್ಯಾಯ ಇದೆ, ಅಲ್ವಾ?” ಅಂದರು. ನಾನು ಬಾಗಿಲು ತೆಗೆದು ಇಳಿದೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಗೆ ಬಂದರೆ ಕಾರು ಅಲ್ಲೇ ಇತ್ತು. ಅಜ್ಜ ಸೀಟು ಹಿಂದಕ್ಕೆ ಮಾಡಿ ನಿದ್ದೆ ಹೋಗಿದ್ದರು.

ಆ ತಿಂಗಳು ಇಪ್ಸಾಸ್ ಪಟ್ಟಿಯಲ್ಲಿ ವಲಸೆ ಮತ್ತೆ ಮೊದಲ ಸ್ಥಾನಕ್ಕೆ ಬಂತು, 2016ರ ನಂತರ ಮೊದಲ ಸಲ.

ಆಮೇಲಿನದು ಬೇಗ ಹೇಳಿ ಮುಗಿಸ್ತೀನಿ. 2,885 ಪೌಂಡ್ ಕಟ್ಟಿ ನಾನು ಇಲ್ಲೇ ಉಳಿಯುವ ಪರ್ಮಿಶನ್ ತಗೊಂಡೆ. 2025ರ ಮೇನಲ್ಲಿ ನಮ್ಮ ಡರ್ಹಮ್ ಕೌನ್ಸಿಲ್ ರಿಫಾರ್ಮ್ ಕೈಗೆ ಹೋಯಿತು. ಅದೇ ತಿಂಗಳು ಲೇಬರ್ ಪ್ರಧಾನಿ ಸ್ಟಾರ್ಮರ್, ಹೀಗೇ ಬಿಟ್ಟರೆ ಇದು ಅಪರಿಚಿತರ ದ್ವೀಪ ಆಗುತ್ತದೆ ಅಂದರು. ಆಮೇಲೆ ಹಾಗನ್ನಬಾರದಿತ್ತು ಅಂತಲೂ ಅಂದರು. ಜುಲೈ 22ಕ್ಕೆ ಹೊರದೇಶದಿಂದ ಹೊಸ ಕೇರ್ ವರ್ಕರ್ ಕರೆಸೋದು ಬಂದ್. ಆ ವರ್ಷದ ನವೆಂಬರಿನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್, ಈಗಾಗಲೇ ಬಂದ ಕೇರ್ ವರ್ಕರ್‌ಗಳು ಖಾಯಂ ಆಗಲು ಐದರ ಬದಲು 15 ವರ್ಷ ಕಾಯಲಿ ಅನ್ನೋ ಪ್ರಸ್ತಾವ ಇಟ್ಟರು. ಅವರ ತಂದೆತಾಯಿಯೂ ಹೊರಗಿನಿಂದ ಬಂದವರೇ. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮಡುಗೆಮನೆ ಮಾತು ನನಗೆ ನೆನಪಿದೆ.

ಬಾವುಟದ ದಿನಕ್ಕೆ ಬರ್ತೀನಿ. ಕಟ್ಟಿ ಮುಗಿದ ಮೇಲೆ ಅಜ್ಜ ಟೀ ಮಾಡಿದರು. ಹಾಲು ಜಾಸ್ತಿ, ಸಕ್ಕರೆ ಎರಡು ಚಮಚ, ನಾನು ಕಲಿಸಿದ ಹಾಗೆ. ನಾನು ಕೇಳಿಯೇ ಬಿಟ್ಟೆ, ಇದು ಯಾರಿಗೆ ಕಟ್ಟಿದ್ದು ಅಂತ.

“ನಿನ್ನ ಬಗ್ಗೆ ಅಲ್ಲ, ಪೆಟ್. ನೀನು ನಮ್ಮವಳು. ಈ ಬರ್ತಾ ಇರೋರು ಇದ್ದಾರಲ್ಲ, ಅವರು.”

ಅವರಿಗೆ ಕೋಲಾರದ ಚಿನ್ನದ ಗಣಿ ಕಥೆ ಹೇಳಿದೆ. ಗಣಿ ಅಂದರೆ ಅಜ್ಜನ ಕಿವಿ ನೆಟ್ಟಗಾಗುತ್ತದೆ. ಎಷ್ಟು ಆಳ, ಒಳಗೆ ಎಷ್ಟು ಸೆಕೆ, ಯಾವಾಗ ಮುಚ್ಚಿದರು, ಎಲ್ಲ ಕೇಳಿದರು. 2001 ಅಂದೆ. ತಲೆಯಾಡಿಸಿದರು. ಅಲ್ಲಿಗೆ ಇಲ್ಲಿಂದಲೂ ಜನ ಬಂದಿದ್ದರು, ಕಾರ್ನ್‌ವಾಲ್‌ನ ಗಣಿಯವರು ಹಡಗು ಹತ್ತಿ ಬಂದು ಅಲ್ಲೇ ಬಂಗಲೆ, ಕ್ಲಬ್ಬು ಕಟ್ಟಿಕೊಂಡಿದ್ದರು ಅಂದೆ. ಅವರೂ ವಲಸೆ ಬಂದವರೇ ಅಲ್ವಾ?

ಅಜ್ಜ ಟೀ ಕಪ್ಪು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. “ಹೌದು. ಆದ್ರೆ ಅವರು ಕೆಲಸ ಬಲ್ಲವರು, ಪೆಟ್.”

ನಾನು ನಕ್ಕೆ. ಅವರೂ ನಕ್ಕರು. ಇಬ್ಬರಿಗೂ ನಗು ಬಂದಿದ್ದು ಒಂದೇ ಕಾರಣಕ್ಕಾ ಅಂತ ಗೊತ್ತಿಲ್ಲ.

ಹೋದ ವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಬೊಂಬಾಯಿನವರ ಮಗ ಊರಲ್ಲಿ ಮನೆ ಕಟ್ಟಿಸಿದ್ದಾನಂತೆ. ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದಿದ್ದ, ಅಪ್ಪನೂ ಹೋಗಿದ್ದರು. ಆ ಸಣ್ಣ ಹುಡುಗಿ ಈಗ ಹೈಸ್ಕೂಲು. ಅವಳೇ ಎಲೆ ಮುಂದೆ ನೀರಿನ ಲೋಟ ಇಟ್ಟುಕೊಂಡು ಬಂದಳಂತೆ.

“ಬೇಲಿ ವಿಷ್ಯ ಏನಾದ್ರೂ ಮಾತಾಡಿದ್ರಾ?” ಅಂತ ಕೇಳಿದೆ.

“ಇಲ್ಲ ಕಣವ್ವ. ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬಟ್ಟು ಮಾತ್ರ ಭಾಳ ಚೆನ್ನಾಗಿ ಮಾಡ್ಸಿದ್ರು” ಅಂದರು.

ಇವತ್ತು ಎರಡು ಗಂಟೆಗೆ ಅಜ್ಜನಿಗೆ ಫ್ಲೂ ಇಂಜೆಕ್ಷನ್. ಕಾರು ಅವರದ್ದು, ಈಗ ಓಡಿಸೋದು ನಾನು. ಬಾಗಿಲು ತಟ್ಟುತ್ತಿದ್ದಾರೆ. ಇನ್ನೂ ಒಂದೂಕಾಲು. ಯಾವಾಗಲೂ ಹೀಗೇ, ಮುಕ್ಕಾಲು ಗಂಟೆ ಮೊದಲೇ ಕೋಟು ಹಾಕಿ ನಿಂತಿರ್ತಾರೆ.